ಕ್ಲಿಕ್ಕಿಗೆ ಹಣ ತೆರುವ ಜಾಹೀರಾತು: ಬ್ಯಾಡಗಿ ಮೆಣಸಿನಕಾಯಿಯನ್ನು ಆನ್‌ಲೈನಿನಲ್ಲಿ ಮಾರುವ ಜಮೀನುದಾರರಿಗೆ ಕೆಲವು ಸೂಚನೆಗಳು

ಬೆಳೆಯನ್ನು ಬೆಳೆಯುವುದು ಎಷ್ಟು ಮುಖ್ಯವೋ, ಬೆಳೆದ ಫಸಲನ್ನು ತಕ್ಕ ಬೆಲೆಗೆ ಮಾರುವುದೂ ಅಷ್ಟೇ ಮುಖ್ಯವೆಂಬ ಸಂಗತಿಯನ್ನು ಹಾವೇರಿ ಜಿಲ್ಲೆಯ ಮೆಣಸಿನಕಾಯಿ ಬೆಳೆಗಾರರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ೨೦೨೪ನೆಯ ಇಸವಿ ಮಾರ್ಚ್ ತಿಂಗಳಿನಲ್ಲಿ ಬ್ಯಾಡಗಿಯ ಮಾರುಕಟ್ಟೆಯಲ್ಲಿ ದರವು ಒಮ್ಮೆಗೇ ಕುಸಿದಾಗ, ರೈತರ ಆಕ್ರೋಶವು ವಾಹನಗಳಿಗೆ ಬೆಂಕಿ ಬೀಳುವ ಮಟ್ಟಕ್ಕೆ ಹೋದುದು ಎಲ್ಲರ ನೆನಪಿನಲ್ಲಿಯೂ ಇದೆ. ಒಂದೇ ಪೇಟೆಯನ್ನೂ ಒಂದೇ ದಿನದ ದರವನ್ನೂ ನಂಬಿಕೊಂಡಿರುವುದರ ಅಪಾಯವು ಇದರಿಂದ ಚೆನ್ನಾಗಿ ವ್ಯಕ್ತವಾಗುತ್ತದೆ. ಆದಕಾರಣ ಸ್ವಲ್ಪ ಅನುಕೂಲವುಳ್ಳ ಜಮೀನುದಾರರು ತಮ್ಮ ಹುಟ್ಟುವಳಿಯಲ್ಲಿ ಒಂದು ಭಾಗವನ್ನಾದರೂ ತೊಟ್ಟು ತೆಗೆದು, ಆರಿಸಿ, ಪೊಟ್ಟಣ ಕಟ್ಟಿ, ಆನ್‌ಲೈನ್ ಅಂಗಡಿಗಳ ಮೂಲಕ ದೂರದ ಊರುಗಳ ಗೃಹಸ್ಥರಿಗೆ ನೇರವಾಗಿ ಮಾರಲು ಯೋಚಿಸುವುದು ಸಹಜವಾಗಿದೆ.

ಆದರೆ ಈ ಮಾರ್ಗದಲ್ಲಿ ಬೇರೊಂದು ತೊಡಕುಂಟು. ಆನ್‌ಲೈನ್ ಅಂಗಡಿಯಲ್ಲಿ ಒಬ್ಬ ರೈತನ ಪೊಟ್ಟಣವು ನೂರಾರು ಪೊಟ್ಟಣಗಳ ನಡುವೆ ಎಲ್ಲಿಯೋ ಹಿಂದೆ ಬಿದ್ದಿರುತ್ತದೆ. ಅದನ್ನು ಮುಂದಕ್ಕೆ ತಂದು ಗಿರಾಕಿಯ ಕಣ್ಣಿಗೆ ಬೀಳಿಸಬೇಕಾದರೆ ಜಾಹೀರಾತಿಗೆ ಹಣ ಕೊಡಬೇಕಾಗುತ್ತದೆ. ಈ ಹಣವನ್ನು ಲೆಕ್ಕವಿಲ್ಲದೆ ಕೊಟ್ಟಲ್ಲಿ, ಪೇಟೆಯ ದರದ ಮೇಲೆ ಸಿಗಬಹುದಾಗಿದ್ದ ಹೆಚ್ಚಿನ ಲಾಭವೆಲ್ಲ ಜಾಹೀರಾತಿನ ಬಿಲ್ಲಿಗೇ ಹೋಗಿ, ಪೊಟ್ಟಣ ಕಟ್ಟಿದ ಶ್ರಮ ಮಾತ್ರ ರೈತನ ಪಾಲಿಗೆ ಉಳಿಯುತ್ತದೆ. ಲೆಕ್ಕವಿಟ್ಟು ಕೊಟ್ಟಲ್ಲಿ ಅದೇ ಜಾಹೀರಾತು ಗೊಬ್ಬರದಂತೆ ಫಲ ಕೊಡುತ್ತದೆ. ಈ ಲೆಕ್ಕವನ್ನು ಇಡುವ ಕ್ರಮವೇ ಈ ಲೇಖನದ ವಿಷಯವಾಗಿದೆ.

೧. ಈ ಪದ್ಧತಿಯ ಸ್ವರೂಪ

ವೃತ್ತಪತ್ರಿಕೆಯ ಜಾಹೀರಾತಿನಲ್ಲಿ ಜಾಗಕ್ಕೆ ಹಣ ಕೊಡುತ್ತಾರೆ. ಓದಿದವರು ಎಷ್ಟು ಮಂದಿ, ಅಂಗಡಿಗೆ ಬಂದವರು ಎಷ್ಟು ಮಂದಿ ಎಂಬುದು ತಿಳಿಯುವುದಿಲ್ಲ. ಆನ್‌ಲೈನಿನ ಈ ಪದ್ಧತಿಯಲ್ಲಿ ಜಾಹೀರಾತನ್ನು ತೋರಿಸಿದ ಮಾತ್ರಕ್ಕೆ ಹಣ ಬೀಳುವುದಿಲ್ಲ. ಗಿರಾಕಿಯು ತನ್ನ ಫೋನಿನಲ್ಲಿ ಆ ಜಾಹೀರಾತನ್ನು ಬೆರಳಿನಿಂದ ಒತ್ತಿ ಒಳಕ್ಕೆ ಬಂದಾಗ, ಅಂದರೆ ಕ್ಲಿಕ್ಕು ಮಾಡಿದಾಗ ಮಾತ್ರ ಹಣ ಬೀಳುತ್ತದೆ. ಆದರೆ ಒಳಕ್ಕೆ ಬಂದವನು ಸರಕನ್ನು ಕೊಂಡರೂ ಹಣ ಕೊಡಬೇಕು, ಕೊಳ್ಳದೆ ಹಿಂದಿರುಗಿದರೂ ಕೊಡಬೇಕು. ಕ್ಲಿಕ್ಕೆಂಬುದು ಗಿರಾಕಿಯು ಅಂಗಡಿಯ ಮೆಟ್ಟಿಲು ಹತ್ತಿದುದಕ್ಕೆ ತೆರುವ ಹಣವೇ ಹೊರತು ಮಾರಾಟಕ್ಕೆ ತೆರುವ ಹಣವಲ್ಲ. ಈ ಭೇದವನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳತಕ್ಕದ್ದು.

ಈ ಪದ್ಧತಿಯು ಬಹಳ ಹಳೆಯದೇನೂ ಅಲ್ಲ. ಅಮೆರಿಕದ ಗೋಟು ಎಂಬ ಹುಡುಕು ಜಾಲತಾಣವು ೧೯೯೮ರಲ್ಲಿ ಹುಡುಕುವ ಮಾತುಗಳನ್ನು ಹರಾಜಿಗಿಟ್ಟು ಕ್ಲಿಕ್ಕಿಗಿಷ್ಟೆಂದು ಹಣ ವಸೂಲು ಮಾಡುವುದನ್ನು ಬಳಕೆಗೆ ತಂದಿತು. ಗೂಗಲ್ ಸಂಸ್ಥೆಯು ತನ್ನ ಜಾಹೀರಾತು ವಿಭಾಗವನ್ನು ೨೦೦೦ದ ಅಕ್ಟೋಬರಿನಲ್ಲಿ ತೆರೆದು, ೨೦೦೨ರಿಂದ ಕ್ಲಿಕ್ಕಿನ ಹರಾಜನ್ನು ಅನುಸರಿಸಿತು. ಬೆಂಗಳೂರಿನಲ್ಲಿ ೨೦೦೭ರಲ್ಲಿ ಪುಸ್ತಕಗಳ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್, ೨೦೧೩ರಲ್ಲಿ ಭಾರತದಲ್ಲಿ ಅಂಗಡಿ ತೆರೆದ ಅಮೆಜಾನ್ ಮೊದಲಾದ ಮಾರುಕಟ್ಟೆಗಳಲ್ಲಿಯೂ ಈಗ ಇದೇ ಪದ್ಧತಿ ನಡೆಯುತ್ತಿದೆ. ಹುಡುಕಿದ ಸರಕುಗಳ ಪಟ್ಟಿಯಲ್ಲಿ ‘ಪ್ರಾಯೋಜಿತ’ ಎಂಬ ಗುರುತಿನೊಡನೆ ಕಾಣುವ ಸರಕುಗಳು ಸಾಧಾರಣವಾಗಿ ಈ ರೀತಿ ಹಣ ಕೊಟ್ಟು ಮುಂದೆ ಬಂದವುಗಳು.

೨. ಹರಾಜು ನಡೆಯುವ ಕ್ರಮ

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಪ್ರತಿಯೊಂದು ರಾಶಿಗೂ ವ್ಯಾಪಾರಿಗಳು ಟೆಂಡರು ಬರೆಯುವುದನ್ನು ವಾಚಕರು ನೋಡಿದ್ದಾರೆ. ಅಲ್ಲಿ ಸರಕು ರೈತನದು, ಸವಾಲು ವ್ಯಾಪಾರಿಯದು. ಇಲ್ಲಿ ಅದು ತಿರುವುಮುರುವಾಗುತ್ತದೆ. ಗಿರಾಕಿಯು ‘ಬ್ಯಾಡಗಿ ಮೆಣಸಿನಕಾಯಿ’ ಎಂದು ಬರೆದು ಹುಡುಕಿದ ಕ್ಷಣದಲ್ಲಿಯೇ, ಆ ಮಾತಿನ ಮೇಲೆ ಜಾಹೀರಾತು ಕೊಟ್ಟಿರುವ ಮಾರಾಟಗಾರರೆಲ್ಲರ ಸವಾಲುಗಳನ್ನು ಯಂತ್ರವು ಹೋಲಿಸಿ, ಯಾರ ಸರಕನ್ನು ಮೊದಲು ತೋರಿಸಬೇಕೆಂದು ತೀರ್ಮಾನಿಸುತ್ತದೆ. ಸವಾಲೆಂದರೆ ಒಂದು ಕ್ಲಿಕ್ಕಿಗೆ ಮಾರಾಟಗಾರನು ಕೊಡಲೊಪ್ಪಿದ ಗರಿಷ್ಠ ಮೊತ್ತ.

ಸವಾಲು ಹೆಚ್ಚಿದ್ದ ಮಾತ್ರಕ್ಕೆ ಮೊದಲ ಸ್ಥಾನವು ಸಿಗುವುದಿಲ್ಲ. ಜಾಹೀರಾತು ಹುಡುಕಿದ ಮಾತಿಗೆ ಎಷ್ಟು ಹೊಂದುತ್ತದೆ, ಜನರು ಅದನ್ನು ಒತ್ತುವ ಸಂಭವವೆಷ್ಟು, ಒತ್ತಿದ ಮೇಲೆ ಕಾಣುವ ಪುಟವು ಹೇಗಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಗೂಗಲ್ ಸಂಸ್ಥೆಯು ಈ ಗುಣವನ್ನು ೧ರಿಂದ ೧೦ರ ವರೆಗಿನ ಅಂಕದಿಂದ ಮಾರಾಟಗಾರನಿಗೆ ತಿಳಿಸುತ್ತದೆ. ಇಬ್ಬರ ಗುಣವೂ ಸಮನಾಗಿದ್ದು ಒಬ್ಬನ ಸವಾಲು ರೂ. ೮, ಮತ್ತೊಬ್ಬನದು ರೂ. ೫ ಆಗಿದ್ದರೆ, ಮೊದಲನೆಯವನು ಮುಂದೆ ನಿಲ್ಲುತ್ತಾನೆ. ಆದರೆ ಆತನು ಸಾಧಾರಣವಾಗಿ ಕೊಡಬೇಕಾದುದು ಪೂರ್ತಿ ೮ ರೂಪಾಯಿಯಲ್ಲ, ಎರಡನೆಯವನನ್ನು ಮೀರಲು ಬೇಕಾದಷ್ಟು, ಅಂದರೆ ೫ ರೂಪಾಯಿಗಿಂತ ಸ್ವಲ್ಪ ಹೆಚ್ಚು. ಎರಡನೆಯವನ ಗುಣವು ಇಮ್ಮಡಿಯಾಗಿದ್ದರೆ, ಕಡಿಮೆ ಸವಾಲಿನಿಂದಲೇ ಆತನು ಮುಂದಕ್ಕೆ ಬರಬಹುದು. ಇದರಿಂದ, ಒಳ್ಳೆಯ ಸರಕನ್ನು ಸರಿಯಾಗಿ ವಿವರಿಸಿದ ಸಣ್ಣ ರೈತನೂ ದೊಡ್ಡ ವ್ಯಾಪಾರಿಯ ಎದುರು ನಿಲ್ಲುವುದು ಅಸಾಧ್ಯವೇನೂ ಅಲ್ಲವೆಂದು ತಿಳಿಯಬಹುದು.

೩. ಒಂದು ಕ್ಲಿಕ್ಕು ಎಷ್ಟು ಹಣವನ್ನು ತಾಳಬಲ್ಲದು

ಜಾಹೀರಾತನ್ನು ತೆರೆಯುವುದಕ್ಕೆ ಮುಂಚೆಯೇ ಈ ಪ್ರಶ್ನೆಗೆ ಉತ್ತರವನ್ನು ಕಾಗದದ ಮೇಲೆ ಬರೆದುಕೊಳ್ಳತಕ್ಕದ್ದು. ಕೆಳಗಿನ ಅಂಕಿಗಳನ್ನು ಉದಾಹರಣೆಗಾಗಿ ಮಾತ್ರ ಊಹಿಸಿಕೊಳ್ಳಲಾಗಿದೆ. ಪ್ರತಿಯೊಬ್ಬರೂ ತಮ್ಮ ತಮ್ಮ ಅಂಕಿಗಳನ್ನು ಹಾಕಿಕೊಳ್ಳಬೇಕು.

ತೊಟ್ಟು ತೆಗೆದ ಮೆಣಸಿನಕಾಯಿಯ ಅರ್ಧ ಕಿಲೋ ಪೊಟ್ಟಣವೊಂದಕ್ಕೆ, ತೆರಿಗೆ ಕಳೆದ ಮೇಲೆ, ರೂ. ೪೦೦ ದೊರೆಯುತ್ತದೆ ಎಂದಿಟ್ಟುಕೊಂಡರೆ ಅದರ ಖರ್ಚಿನ ಬಾಬುಗಳು ಹೀಗಿರಬಹುದು:

ಮೆಣಸಿನಕಾಯಿಯ ಬೆಲೆ, ಪೇಟೆಯ ದರದಂತೆ, ಕಸರು ಸೇರಿ: ರೂ. ೧೫೦
ಆರಿಸುವ ಕೂಲಿ ಮತ್ತು ಪೊಟ್ಟಣ: ರೂ. ೨೫
ಆನ್‌ಲೈನ್ ಅಂಗಡಿಯ ಶುಲ್ಕ ಮತ್ತು ಸಾಗಣೆ: ರೂ. ೧೧೦
ಹಿಂದಿರುಗಿದ ಮತ್ತು ಕೆಟ್ಟ ಸರಕಿನ ಬಾಬು: ರೂ. ೧೫
ಒಟ್ಟು ಖರ್ಚು: ರೂ. ೩೦೦
ಉಳಿಕೆ: ರೂ. ೧೦೦

ಇಲ್ಲಿ ಅನೇಕರು ಮಾಡುವ ತಪ್ಪೊಂದುಂಟು. ಮೆಣಸಿನಕಾಯಿ ಸ್ವಂತ ಹೊಲದ್ದಾದ್ದರಿಂದ ಅದಕ್ಕೆ ಬೆಲೆಯಿಲ್ಲವೆಂದು ಭಾವಿಸಿ ಮೊದಲನೆಯ ಬಾಬನ್ನು ಬಿಟ್ಟುಬಿಡುತ್ತಾರೆ. ಆಗ ಉಳಿಕೆಯು ೨೫೦ ರೂಪಾಯಿಯಂತೆ ಕಂಡು, ಜಾಹೀರಾತಿಗೆ ಧಾರಾಳವಾಗಿ ಸುರಿಯುವ ಮನಸ್ಸಾಗುತ್ತದೆ. ಅದೇ ಮೆಣಸಿನಕಾಯಿಯನ್ನು ಪೇಟೆಗೆ ಒಯ್ದಿದ್ದರೆ ಹಣ ಬರುತ್ತಿತ್ತೆಂಬುದನ್ನು ಮರೆಯಕೂಡದು.

ಮೇಲ್ಕಂಡ ಲೆಕ್ಕದಂತೆ ಒಂದು ಪೊಟ್ಟಣದ ಮಾರಾಟಕ್ಕೆ ಜಾಹೀರಾತಿನ ಖರ್ಚು ರೂ. ೧೦೦ ಆದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಂದರೆ ಮಾರಾಟದ ಮೊತ್ತದಲ್ಲಿ ಶೇಕಡಾ ೨೫ ಜಾಹೀರಾತಿನ ಕೊನೆಯ ಗಡಿಯಾಯಿತು. ಇನ್ನು, ಒಳಕ್ಕೆ ಬಂದ ಎಷ್ಟು ಮಂದಿಯಲ್ಲಿ ಒಬ್ಬರು ಕೊಳ್ಳುತ್ತಾರೆಂಬುದನ್ನು ತಿಳಿದರೆ ಒಂದು ಕ್ಲಿಕ್ಕಿನ ಗಡಿಯು ತಿಳಿಯುತ್ತದೆ. ೧೦ ಮಂದಿಗೆ ಒಬ್ಬರು ಕೊಂಡರೆ ಕ್ಲಿಕ್ಕಿಗೆ ರೂ. ೧೦, ೨೦ ಮಂದಿಗೆ ಒಬ್ಬರಾದರೆ ರೂ. ೫, ೪೦ ಮಂದಿಗೆ ಒಬ್ಬರಾದರೆ ಎರಡೂವರೆ ರೂಪಾಯಿ. ಇದು ನಷ್ಟವಾಗದಿರುವ ಗಡಿಯೇ ಹೊರತು ಲಾಭದ ಗಡಿಯಲ್ಲ. ಉಳಿಕೆಯಲ್ಲಿ ಅರ್ಧವಾದರೂ ಮನೆಗೆ ಬರಬೇಕೆನ್ನುವವರು ಈ ಮೊತ್ತಗಳಲ್ಲಿ ಅರ್ಧಕ್ಕೇ ನಿಲ್ಲಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಜಾಹೀರಾತಿನ ಬಿಲ್ಲಿನ ಮೇಲೆ ಶೇಕಡಾ ೧೮ರಷ್ಟು ಜಿ.ಎಸ್.ಟಿ. ಬೀಳುತ್ತದೆಂಬುದನ್ನೂ ಗಮನಿಸತಕ್ಕದ್ದು. ನೋಂದಣಿಯುಳ್ಳವರು ನಿಯಮಾನುಸಾರ ಇದನ್ನು ತಮ್ಮ ತೆರಿಗೆಯಲ್ಲಿ ವಜಾ ಹಾಕಿಕೊಳ್ಳಬಹುದು. ವಜಾ ಪಡೆಯಲಾಗದವರು ೫ ರೂಪಾಯಿಯ ಕ್ಲಿಕ್ಕು ತಮಗೆ ೫ ರೂಪಾಯಿ ೯೦ ಪೈಸೆ ಬೀಳುತ್ತದೆಂದು ಲೆಕ್ಕ ಹಿಡಿಯಬೇಕು.

೪. ಹುಡುಕುವ ಮಾತುಗಳ ಆಯ್ಕೆ

ಗಿರಾಕಿಯು ಯಾವ ಮಾತನ್ನು ಬರೆದು ಹುಡುಕಿದಾಗ ತನ್ನ ಸರಕನ್ನು ತೋರಿಸಬೇಕೆಂಬುದನ್ನು ಮಾರಾಟಗಾರನು ಗೊತ್ತುಮಾಡಬಹುದು. ಇಂತಹ ಮಾತನ್ನು ವ್ಯಾಪಾರಿಗಳು ಕೀವರ್ಡ್ ಎನ್ನುತ್ತಾರೆ. ಬಿತ್ತನೆಗೆ ಬೀಜವನ್ನು ಆರಿಸುವಷ್ಟೇ ಎಚ್ಚರಿಕೆಯಿಂದ ಇದನ್ನು ಆರಿಸಬೇಕು.

ಬ್ಯಾಡಗಿ ಮೆಣಸಿನಕಾಯಿಯ ವಿಶೇಷವು ಅದರ ಕಡುಗೆಂಪು ಬಣ್ಣದಲ್ಲಿಯೂ ಸುಕ್ಕುಗಟ್ಟಿದ ಸಿಪ್ಪೆಯಲ್ಲಿಯೂ ಇರುವುದೇ ಹೊರತು ಖಾರದಲ್ಲಿ ಅಲ್ಲ. ಖಾರವು ಅದರಲ್ಲಿ ಕಡಿಮೆ. ಹೀಗಿರುವಾಗ ‘ಬಹಳ ಖಾರದ ಮೆಣಸಿನಪುಡಿ’ ಎಂದು ಹುಡುಕುವವನ ಮುಂದೆ ಈ ಸರಕನ್ನು ತೋರಿಸಿದರೆ, ಆತನು ಒತ್ತಿ ನೋಡಿ ಹಿಂದಿರುಗುತ್ತಾನೆ. ಅಥವಾ ತಿಳಿಯದೆ ಕೊಂಡು, ಖಾರವಿಲ್ಲವೆಂದು ದೂರು ಬರೆಯುತ್ತಾನೆ. ಮೊದಲನೆಯದರಿಂದ ಕ್ಲಿಕ್ಕಿನ ಹಣ ನಷ್ಟ. ಎರಡನೆಯದರಿಂದ ಸರಕಿನ ಹೆಸರೂ ನಷ್ಟ. ‘ಸಾರಿನ ಪುಡಿಗೆ ಬಣ್ಣದ ಮೆಣಸಿನಕಾಯಿ’, ‘ಖಾರ ಕಡಿಮೆಯ ಒಣ ಮೆಣಸಿನಕಾಯಿ’ ಎಂದು ಹುಡುಕುವವನು ಈ ಸರಕಿನ ನಿಜವಾದ ಗಿರಾಕಿ.

ಒಂದೇ ಸರಕಿಗೆ ಬೇರೆ ಬೇರೆ ಪ್ರಾಂತಗಳಲ್ಲಿ ಬೇರೆ ಬೇರೆ ಉಚ್ಚಾರಣೆಯಿರುವುದನ್ನೂ ನೋಡಿಕೊಳ್ಳಬೇಕು. ಮಹಾರಾಷ್ಟ್ರದವರು ಇದನ್ನು ‘ಬೇಡಗಿ ಮಿರ್ಚಿ’ ಎನ್ನುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರು ಬ್ಯಾಡ್ಗಿ, ಬ್ಯಾಡಗಿ, ಬೆಡ್ಗಿ ಎಂದು ನಾನಾ ವಿಧವಾಗಿ ಬರೆಯುತ್ತಾರೆ. ಡಬ್ಬಿ, ಕಡ್ಡಿ ಎಂಬ ತಳಿಗಳ ಹೆಸರನ್ನು ಸೇರಿಸಿ ಹುಡುಕುವವರು ಸರಕನ್ನು ಬಲ್ಲವರು. ಅಂತಹವರ ಸಂಖ್ಯೆ ಕಡಿಮೆಯಾದರೂ ಕೊಳ್ಳುವ ಸಂಭವ ಹೆಚ್ಚು.

ಮಾತನ್ನು ಯಂತ್ರವು ಹೊಂದಿಸಿಕೊಳ್ಳುವ ರೀತಿಗಳು ಮೂರು. ವಿಶಾಲ ಹೊಂದಿಕೆಯಲ್ಲಿ, ಕೊಟ್ಟ ಮಾತಿಗೆ ದೂರದ ಸಂಬಂಧವುಳ್ಳ ಹುಡುಕಾಟಗಳಿಗೂ ಸರಕನ್ನು ತೋರಿಸಲಾಗುತ್ತದೆ. ಪದಪುಂಜದ ಹೊಂದಿಕೆಯಲ್ಲಿ, ಆ ಮಾತು ಅಥವಾ ಅದರ ಅರ್ಥವು ಹುಡುಕಾಟದೊಳಗೆ ಸೇರಿರಬೇಕು. ನೇರ ಹೊಂದಿಕೆಯಲ್ಲಿ, ಹುಡುಕಾಟವು ಆ ಮಾತಿಗೆ ಸಮನಾಗಿರಬೇಕು. ಅಲ್ಪಸ್ವಲ್ಪ ಕಾಗುಣಿತದ ವ್ಯತ್ಯಾಸಗಳು ನಡೆಯುತ್ತವೆ. ವಿಶಾಲ ಹೊಂದಿಕೆಯಲ್ಲಿ ಹೊಸ ಮಾತುಗಳು ತಿಳಿದುಬರುತ್ತವೆ, ಆದರೆ ಹಣ ಪೋಲಾಗುತ್ತದೆ. ನೇರ ಹೊಂದಿಕೆಯಲ್ಲಿ ಹಣವು ಕೈಯಲ್ಲಿರುತ್ತದೆ, ಆದರೆ ಹೊಸದು ತಿಳಿಯುವುದಿಲ್ಲ.

ಆದ್ದರಿಂದ ಅನುಭವಸ್ಥರು ಎರಡನ್ನೂ ಕ್ರಮವಾಗಿ ಉಪಯೋಗಿಸುತ್ತಾರೆ. ಮೆಣಸಿನ ಸಸಿಯನ್ನು ಮಡಿಯಲ್ಲಿ ಎಬ್ಬಿಸಿ ಒಳ್ಳೆಯದನ್ನು ಮಾತ್ರ ಹೊಲಕ್ಕೆ ನಾಟಿ ಮಾಡುವಂತೆ, ಮೊದಲು ಅಲ್ಪ ಮೊತ್ತದಲ್ಲಿ ವಿಶಾಲ ಹೊಂದಿಕೆಯನ್ನೋ ಯಂತ್ರವೇ ಮಾತುಗಳನ್ನು ಆರಿಸುವ ಸ್ವಯಂಚಾಲಿತ ಜಾಹೀರಾತನ್ನೋ ಕೆಲವು ವಾರಗಳು ನಡೆಯಿಸಿ, ಮಾರಾಟ ತಂದುಕೊಟ್ಟ ಮಾತುಗಳನ್ನು ಆರಿಸಿ, ಅವನ್ನು ನೇರ ಹೊಂದಿಕೆಯ ಬೇರೆ ಜಾಹೀರಾತಿಗೆ ಸಾಗಿಸುತ್ತಾರೆ. ಹೆಚ್ಚಿನ ಹಣವನ್ನು ಈ ಎರಡನೆಯ ಜಾಹೀರಾತಿಗೆ ಕೊಡತಕ್ಕದ್ದು.

೫. ಕಳೆ ಕೀಳುವುದು

ಜಾಹೀರಾತಿನಲ್ಲಿ ಅತ್ಯಂತ ಲಾಭದಾಯಕವಾದ ಕೆಲಸವು ಸವಾಲನ್ನು ಏರಿಸುವುದಲ್ಲ, ಕಳೆ ಕೀಳುವುದು. ಜನರು ನಿಜವಾಗಿ ಯಾವ ಯಾವ ಮಾತುಗಳನ್ನು ಬರೆದು ಸರಕಿನ ಬಳಿಗೆ ಬಂದರೆಂಬ ಪಟ್ಟಿಯನ್ನು ಗೂಗಲ್, ಅಮೆಜಾನ್ ಮೊದಲಾದ ಸಂಸ್ಥೆಗಳು ಮಾರಾಟಗಾರನಿಗೆ ಒದಗಿಸುತ್ತವೆ. ಆ ಪಟ್ಟಿಯನ್ನು ಓದದವನು ತನ್ನ ಹೊಲವನ್ನು ನೋಡದೆ ಗೊಬ್ಬರ ಹಾಕಿದವನಿಗೆ ಸಮಾನನು. ಒಂದು ತಿಂಗಳಿನ ಪಟ್ಟಿಯು ಈ ರೀತಿಯಲ್ಲಿ ಇತ್ತೆಂದು ಊಹಿಸಬಹುದು. ಎಲ್ಲ ಕ್ಲಿಕ್ಕುಗಳೂ ತಲಾ ರೂ. ೪ರಂತೆ ಬಿದ್ದಿವೆ, ಪೊಟ್ಟಣವೊಂದರ ಉಳಿಕೆ ಹಿಂದಿನಂತೆಯೇ ರೂ. ೧೦೦:

‘ಬ್ಯಾಡಗಿ ಮೆಣಸಿನಕಾಯಿ ಅರ್ಧ ಕಿಲೋ’: ಕ್ಲಿಕ್ಕು ೨೦೦, ಖರ್ಚು ರೂ. ೮೦೦, ಮಾರಾಟ ೧೮ ಪೊಟ್ಟಣ, ಲಾಭ ರೂ. ೧,೦೦೦
‘ಬ್ಯಾಡಗಿ ಮೆಣಸಿನಕಾಯಿ’: ಕ್ಲಿಕ್ಕು ೨೦೦, ಖರ್ಚು ರೂ. ೮೦೦, ಮಾರಾಟ ೧೦ ಪೊಟ್ಟಣ, ಲಾಭ ರೂ. ೨೦೦
‘ಬಹಳ ಖಾರದ ಮೆಣಸಿನಪುಡಿ’: ಕ್ಲಿಕ್ಕು ೧೫೦, ಖರ್ಚು ರೂ. ೬೦೦, ಮಾರಾಟ ೨ ಪೊಟ್ಟಣ, ನಷ್ಟ ರೂ. ೪೦೦
‘ಮೆಣಸಿನಕಾಯಿ ಬಿತ್ತನೆ ಬೀಜ’: ಕ್ಲಿಕ್ಕು ೧೦೦, ಖರ್ಚು ರೂ. ೪೦೦, ಮಾರಾಟ ಇಲ್ಲ, ನಷ್ಟ ರೂ. ೪೦೦
‘ಮೆಣಸಿನಕಾಯಿ ಉಪ್ಪಿನಕಾಯಿ’: ಕ್ಲಿಕ್ಕು ೧೦೦, ಖರ್ಚು ರೂ. ೪೦೦, ಮಾರಾಟ ಇಲ್ಲ, ನಷ್ಟ ರೂ. ೪೦೦

ಒಟ್ಟಿನಲ್ಲಿ ೭೫೦ ಕ್ಲಿಕ್ಕುಗಳಿಗೆ ರೂ. ೩,೦೦೦ ಖರ್ಚಾಗಿ, ೩೦ ಪೊಟ್ಟಣಗಳು ರೂ. ೧೨,೦೦೦ಕ್ಕೆ ಮಾರಾಟವಾಗಿವೆ. ಮಾರಾಟದ ಮೊತ್ತವನ್ನು ಮಾತ್ರ ನೋಡಿದವನಿಗೆ ವ್ಯಾಪಾರವು ಚೆನ್ನಾಗಿ ನಡೆದಂತೆ ಕಾಣುತ್ತದೆ. ಆದರೆ ಉಳಿಕೆ ರೂ. ೩,೦೦೦, ಜಾಹೀರಾತು ರೂ. ೩,೦೦೦, ತಿಂಗಳ ದುಡಿಮೆಗೆ ದೊರೆತ ಲಾಭ ಸೊನ್ನೆ. ಕೊನೆಯ ಮೂರು ಮಾತುಗಳನ್ನು ಕಿತ್ತುಹಾಕಿದರೆ ಖರ್ಚು ರೂ. ೧,೬೦೦ಕ್ಕೆ ಇಳಿಯುತ್ತದೆ. ಮಾರಾಟವು ೨೮ ಪೊಟ್ಟಣಗಳಿಗೆ ಮಾತ್ರ ಇಳಿಯುತ್ತದೆ. ಉಳಿಕೆ ರೂ. ೨,೮೦೦ ಆಗಿ, ನಿವ್ವಳ ಲಾಭವು ರೂ. ೧,೨೦೦ ಆಗುತ್ತದೆ. ಎರಡು ಪೊಟ್ಟಣಗಳ ಮಾರಾಟವನ್ನು ಬಿಟ್ಟುಕೊಟ್ಟುದರಿಂದ ಹನ್ನೆರಡು ನೂರು ರೂಪಾಯಿ ಮನೆಗೆ ಬಂದಿತು. ಹೆಚ್ಚು ಮಾರಿದವನೇ ಹೆಚ್ಚು ಲಾಭ ಪಡೆದವನೆಂಬುದು ಈ ವ್ಯಾಪಾರದಲ್ಲಿ ನಿಜವಲ್ಲವೆಂಬುದಕ್ಕೆ ಇದೇ ರುಜುವಾತು.

ಹೀಗೆ ಕೀಳಬೇಕಾದ ಮಾತುಗಳನ್ನು ‘ಈ ಮಾತು ಬಂದರೆ ತೋರಿಸಕೂಡದು’ ಎಂಬ ನಿಷೇಧದ ಪಟ್ಟಿಗೆ ಸೇರಿಸಲು ಅವಕಾಶವುಂಟು. ಇದನ್ನು ನೆಗೆಟಿವ್ ಕೀವರ್ಡ್ ಎಂದು ಕರೆಯುತ್ತಾರೆ. ಗೂಗಲ್‌ನಲ್ಲಿ ಜಾಹೀರಾತು ಕೊಡುವವರು ‘ಇಂದಿನ ದರ’, ‘ಬೇಸಾಯ ಕ್ರಮ’, ‘ರೋಗ’ ಮೊದಲಾದ ಮಾತುಗಳನ್ನೂ ಈ ಪಟ್ಟಿಗೆ ಸೇರಿಸುವುದು ಲೇಸು. ಇವನ್ನು ಹುಡುಕುವವರು ಸಹ ರೈತರೇ ಹೊರತು ಗಿರಾಕಿಗಳಲ್ಲ. ಆದರೆ ಕಳೆಯೊಡನೆ ಪೈರನ್ನೂ ಕಿತ್ತುಬಿಡಕೂಡದು. ‘ಬೀಜ’ ಎಂಬ ಒಂದೇ ಮಾತನ್ನು ನಿಷೇಧಿಸಿದರೆ ‘ಬೀಜ ತೆಗೆದ ಮೆಣಸಿನಕಾಯಿ’ ಎಂದು ಹುಡುಕುವ ನಿಜವಾದ ಗಿರಾಕಿಯೂ ತಪ್ಪಿಹೋಗುತ್ತಾನೆ. ‘ಬಿತ್ತನೆ ಬೀಜ’ ಎಂದು ಪೂರ್ಣವಾಗಿ ಬರೆಯಬೇಕು.

೬. ಆತುರದ ತೀರ್ಮಾನ ಕೂಡದು

ಹತ್ತು ಕ್ಲಿಕ್ಕುಗಳಾಗಿ ಮಾರಾಟವಾಗಲಿಲ್ಲವೆಂದು ಒಂದು ಮಾತನ್ನು ಕಿತ್ತುಹಾಕುವುದು, ಬಿತ್ತಿದ ಮೂರನೆಯ ದಿನ ಮಣ್ಣನ್ನು ಕೆದಕಿ ನೋಡಿದಂತೆ. ೨೦ ಮಂದಿಗೆ ಒಬ್ಬರು ಕೊಳ್ಳುವ ಒಳ್ಳೆಯ ಮಾತಿನಲ್ಲಿಯೂ, ಮೊದಲ ೨೦ ಕ್ಲಿಕ್ಕುಗಳಲ್ಲಿ ಒಂದೂ ಮಾರಾಟವಾಗದಿರುವ ಸಂಭವವು ಮೂರರಲ್ಲಿ ಒಂದಕ್ಕಿಂತ ಹೆಚ್ಚು ಎಂದು ಗಣಿತದಿಂದ ತಿಳಿಯುತ್ತದೆ. ೬೦ ಕ್ಲಿಕ್ಕುಗಳಾಗಿಯೂ ಒಂದೂ ಮಾರಾಟವಿಲ್ಲದಿರುವ ಸಂಭವವು ೧೦೦ರಲ್ಲಿ ೫ಕ್ಕಿಂತ ಕಡಿಮೆ. ಆದ್ದರಿಂದ ಸರಕಿಗೆ ಸಂಬಂಧವೇ ಇಲ್ಲದ ಮಾತನ್ನು ಕಂಡ ಕೂಡಲೇ ಕೀಳಬಹುದು. ಸಂಬಂಧವುಳ್ಳ ಮಾತಿಗೆ ೬೦ ಕ್ಲಿಕ್ಕುಗಳ ವರೆಗಾದರೂ ಅವಕಾಶ ಕೊಟ್ಟು ನೋಡತಕ್ಕದ್ದು.

ಇದಲ್ಲದೆ, ಗಿರಾಕಿಯು ಒತ್ತಿದ ದಿನವೇ ಕೊಳ್ಳುವನೆಂದು ಹೇಳಲಾಗುವುದಿಲ್ಲ. ಅಮೆಜಾನಿನಲ್ಲಿ ಮಾರಾಟಗಾರರ ಪ್ರಾಯೋಜಿತ ಸರಕಿನ ಲೆಕ್ಕದಲ್ಲಿ ಕ್ಲಿಕ್ಕಾದ ೭ ದಿನಗಳೊಳಗಿನ ಮಾರಾಟವನ್ನು ಆ ಕ್ಲಿಕ್ಕಿಗೆ ಜಮಾ ಹಾಕುತ್ತಾರೆ. ಆದಕಾರಣ ನಿನ್ನೆಯ ಲೆಕ್ಕವನ್ನು ಇಂದು ನೋಡಿ ಸವಾಲನ್ನು ಬದಲಾಯಿಸಿದರೆ ತಪ್ಪು ತೀರ್ಮಾನವಾಗುತ್ತದೆ. ವಾರಕ್ಕೊಂದು ದಿನವನ್ನು ಗೊತ್ತುಮಾಡಿಕೊಂಡು, ಅದಕ್ಕೆ ಹಿಂದಿನ ವಾರಗಳ ಲೆಕ್ಕವನ್ನು ನೋಡಿ, ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡುವುದು ಒಳ್ಳೆಯದು. ಸವಾಲು, ಬೆಲೆ, ಚಿತ್ರ ಮೂರನ್ನೂ ಒಟ್ಟಿಗೆ ಬದಲಾಯಿಸಿದವನಿಗೆ ಯಾವುದರಿಂದ ಫಲವಾಯಿತೆಂಬುದು ಎಂದಿಗೂ ತಿಳಿಯುವುದಿಲ್ಲ.

೭. ದಿನದ ಮಿತಿ ಮತ್ತು ಋತು

ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಖರ್ಚಾಗಕೂಡದೆಂಬ ಮಿತಿಯನ್ನು ಹಾಕುವ ಅವಕಾಶವುಂಟು. ಆದರೆ ಗೂಗಲ್‌ನಲ್ಲಿ ಈ ಮಿತಿಯು ತಿಂಗಳ ಸರಾಸರಿಯಾಗಿದ್ದು, ಯಾವುದಾದರೂ ಒಂದು ದಿನ ಅದರ ಇಮ್ಮಡಿಯವರೆಗೂ ಖರ್ಚಾಗಬಹುದು. ತಿಂಗಳಿನ ಒಟ್ಟು ಮಾತ್ರ ದಿನದ ಮಿತಿಯ ೩೦.೪ ಪಾಲನ್ನು ಮೀರುವುದಿಲ್ಲ. ಇದನ್ನು ತಿಳಿಯದವರು ಒಂದು ದಿನದ ಬಿಲ್ಲನ್ನು ನೋಡಿ ಗಾಬರಿಗೊಳ್ಳುವುದುಂಟು.

ಹೊಸ ಫಸಲು ಕೈಗೆ ಬರುವ ಕಾಲದ ತರುವಾಯ, ಬೇಸಗೆಯಲ್ಲಿ, ವರ್ಷಕ್ಕೆ ಬೇಕಾಗುವ ಸಾರಿನ ಪುಡಿ, ಮಸಾಲೆಗಳನ್ನು ಮಾಡಿಟ್ಟುಕೊಳ್ಳುವ ವಾಡಿಕೆಯು ಕರ್ನಾಟಕ, ಮಹಾರಾಷ್ಟ್ರಗಳ ಅನೇಕ ಮನೆಗಳಲ್ಲಿ ಇದೆ. ಖರ್ಚಿನ ಹೆಚ್ಚಿನ ಭಾಗವನ್ನು ಆ ತಿಂಗಳುಗಳಿಗೆ ಇಟ್ಟುಕೊಳ್ಳತಕ್ಕದ್ದು. ದೊಡ್ಡ ವ್ಯಾಪಾರಿಗಳು ಹಬ್ಬದ ಮಾರಾಟಕ್ಕೆಂದು ಸವಾಲುಗಳನ್ನು ಏರಿಸುವ ದಿನಗಳಲ್ಲಿ ಅವರೊಡನೆ ಪೈಪೋಟಿಗೆ ಇಳಿಯುವುದಕ್ಕಿಂತ, ಮೊದಲೇ ಗೊತ್ತುಮಾಡಿದ ಗಡಿಯಲ್ಲಿ ನಿಂತು, ಸಿಕ್ಕಷ್ಟು ಮಾರಾಟಕ್ಕೆ ತೃಪ್ತಿಪಡುವುದು ಲೇಸು. ದಾಸ್ತಾನು ಮುಗಿಯುತ್ತಿರುವಾಗ ಜಾಹೀರಾತನ್ನು ನಿಲ್ಲಿಸಲು ಮರೆಯಕೂಡದು. ಸ್ವಂತ ಜಾಲತಾಣವಿಟ್ಟುಕೊಂಡವರಿಗೆ ಈ ಎಚ್ಚರಿಕೆಯು ವಿಶೇಷವಾಗಿ ಅಗತ್ಯ.

೮. ಸರಕು ಮತ್ತು ಅದರ ವಿವರಣೆ

ಜಾಹೀರಾತು ಗಿರಾಕಿಯನ್ನು ಕರೆತರಬಲ್ಲದು. ಕೊಳ್ಳುವಂತೆ ಮಾಡುವುದು ಸರಕು. ೪೦ ಮಂದಿಗೆ ಒಬ್ಬರು ಕೊಳ್ಳುತ್ತಿದ್ದ ಪುಟವನ್ನು ತಿದ್ದಿ ೨೦ ಮಂದಿಗೆ ಒಬ್ಬರು ಕೊಳ್ಳುವಂತೆ ಮಾಡಿದರೆ, ಸವಾಲನ್ನು ಮುಟ್ಟದೆಯೇ ಖರ್ಚು ಅರ್ಧವಾಗುತ್ತದೆ. ಹಗಲು ಬೆಳಕಿನಲ್ಲಿ ತೆಗೆದ ಸ್ಪಷ್ಟವಾದ ಚಿತ್ರ, ತಳಿಯ ಹೆಸರು, ತೊಟ್ಟು ಉಂಟೇ ಇಲ್ಲವೇ ಎಂಬುದು, ಯಾವ ವರ್ಷದ ಫಸಲು, ನಿವ್ವಳ ತೂಕ, ಖಾರ ಕಡಿಮೆಯೆಂಬ ನಿಜವಾದ ಮಾತು, ಇವು ಪುಟದಲ್ಲಿ ಇರಲೇಬೇಕು. ಕಾಯಿ ಚೆನ್ನಾಗಿ ಒಣಗಿರದೆ ಪೊಟ್ಟಣದಲ್ಲಿ ಬೂಷ್ಟು ಹಿಡಿದರೆ, ಗಿರಾಕಿಗಳು ಬರೆಯುವ ದೂರುಗಳ ಮುಂದೆ ಯಾವ ಜಾಹೀರಾತೂ ನಿಲ್ಲಲಾರದು.

ಆಹಾರ ಪದಾರ್ಥವನ್ನು ಮಾರುವವರು ಎಫ್.ಎಸ್.ಎಸ್.ಎ.ಐ. ನೋಂದಣಿಯನ್ನೋ ಪರವಾನಗಿಯನ್ನೋ ಪಡೆದು, ಅದರ ೧೪ ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸತಕ್ಕದ್ದು. ಬ್ಯಾಡಗಿ ಮೆಣಸಿನಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಗುರುತಿನ ನೋಂದಣಿಯು ದೊರೆತಿದೆ. ಈ ಬೆಳೆಯ ರೈತರು ಅಧಿಕೃತ ಬಳಕೆದಾರರಾಗಿ ತಮ್ಮ ಹೆಸರನ್ನು ನೋಂದಾಯಿಸಿಕೊಂಡು ಆ ಗುರುತನ್ನು ಉಪಯೋಗಿಸುವುದು ಯುಕ್ತ. ಬೇರೆ ತಳಿಯನ್ನು ಬೆರೆಸಿ ಈ ಹೆಸರಿನಲ್ಲಿ ಮಾರುವುದು ಗಿರಾಕಿಗೆ ಮಾಡುವ ಮೋಸ ಮಾತ್ರವಲ್ಲ, ಇಡೀ ಸೀಮೆಯ ಬೆಳೆಗಾರರಿಗೆ ಬಗೆಯುವ ದ್ರೋಹವೂ ಆಗಿದೆ.

೯. ಮಧ್ಯಸ್ಥರ ವಿಷಯ

ಜಾಹೀರಾತನ್ನು ನಡೆಯಿಸಿಕೊಡುವುದಾಗಿ ಹೇಳುವ ಮಧ್ಯಸ್ಥರು ಈಗ ಬಹಳ ಮಂದಿ ಇದ್ದಾರೆ. ಅವರಲ್ಲಿ ಬಲ್ಲವರೂ ಪ್ರಾಮಾಣಿಕರೂ ಉಂಟು. ಆದರೆ ಖರ್ಚಿನ ಮೇಲೆ ಶೇಕಡಾ ಇಷ್ಟೆಂದು ಪ್ರತಿಫಲ ಪಡೆಯುವವನಿಗೆ ಖರ್ಚು ಹೆಚ್ಚಿದಷ್ಟೂ ಆದಾಯ ಹೆಚ್ಚುತ್ತದೆಂಬುದನ್ನು ಮರೆಯಕೂಡದು. ‘ಯಾವಾಗಲೂ ಮೊದಲ ಸ್ಥಾನವನ್ನು ಕೊಡಿಸುತ್ತೇನೆ’ ಎನ್ನುವವನ ಮಾತನ್ನು ನಂಬಬೇಕಾದ್ದಿಲ್ಲ. ಪ್ರತಿಯೊಂದು ಹುಡುಕಾಟಕ್ಕೂ ಹೊಸ ಹರಾಜು ನಡೆಯುವಲ್ಲಿ ಅಂತಹ ವಾಗ್ದಾನಕ್ಕೆ ಅರ್ಥವಿಲ್ಲ. ಜಾಹೀರಾತಿನ ಖಾತೆಯು ಜಮೀನುದಾರನ ಹೆಸರಿನಲ್ಲಿಯೇ ಇರತಕ್ಕದ್ದು. ಮಧ್ಯಸ್ಥನಿಗೆ ಅದನ್ನು ನೋಡಿಕೊಳ್ಳುವ ಅಧಿಕಾರವನ್ನು ಮಾತ್ರ ಕೊಡಬೇಕು. ಹುಡುಕಾಟದ ಪಟ್ಟಿಯನ್ನು ತಿಂಗಳಿಗೊಮ್ಮೆ ತೋರಿಸಲೊಪ್ಪದವನಿಗೆ ಕೆಲಸವನ್ನು ಒಪ್ಪಿಸಕೂಡದು. ಮನೆಯಲ್ಲಿ ಓದಿದ ಮಗನೋ ಮಗಳೋ ಸೊಸೆಯೋ ಇದ್ದರೆ, ವಾರಕ್ಕೆರಡು ಗಂಟೆಯ ಈ ಕೆಲಸವನ್ನು ಅವರೇ ಕಲಿತು ನಡೆಯಿಸಬಹುದು.

೧೦. ಗ್ರಾಮದ ಮುಖಂಡರ ಕರ್ತವ್ಯ

ಈ ವಿಷಯದಲ್ಲಿ ಗ್ರಾಮದ ಮುಖಂಡರು ಗಮನಿಸಬೇಕಾದ ಸಂಗತಿಯೊಂದಿದೆ. ಒಂದೇ ಊರಿನ ಐದು ಮಂದಿ ಬೇರೆ ಬೇರೆಯಾಗಿ ಅಂಗಡಿ ತೆರೆದು, ಐವರೂ ‘ಬ್ಯಾಡಗಿ ಮೆಣಸಿನಕಾಯಿ’ ಎಂಬ ಮಾತಿನ ಮೇಲೆ ಸವಾಲು ಹಾಕಿದರೆ, ನೆರೆಯವನ ಸವಾಲೇ ನೆರೆಯವನ ಖರ್ಚನ್ನು ಏರಿಸುತ್ತದೆ. ಸರಕು ಒಂದೇ, ಊರು ಒಂದೇ, ಗಿರಾಕಿಗಳೂ ಅವರೇ. ಹೆಚ್ಚಾದ ಹಣ ಮಾತ್ರ ಊರಿನಿಂದ ಹೊರಕ್ಕೆ ಹೋಗುತ್ತದೆ. ಇದಲ್ಲದೆ ಯಾವ ಮಾತು ಬೆಳೆ, ಯಾವುದು ಕಳೆ ಎಂಬುದನ್ನು ತಿಳಿಯಲು ಪ್ರತಿಯೊಬ್ಬನೂ ಮೊದಲ ತಿಂಗಳಿನಲ್ಲಿ ಮೂರು ಸಾವಿರ ರೂಪಾಯಿ ಖರ್ಚುಮಾಡಿದರೆ, ಒಂದೇ ಪಾಠಕ್ಕೆ ಊರಿನವರು ಹದಿನೈದು ಸಾವಿರ ತೆತ್ತಂತಾಗುತ್ತದೆ.

ಅದರ ಬದಲು ಬೆಳೆಗಾರರು ಒಂದು ರೈತ ಉತ್ಪಾದಕ ಸಂಸ್ಥೆಯಾಗಿ ಸೇರಿ, ಒಂದೇ ಹೆಸರಿನಲ್ಲಿ, ಒಂದೇ ದರ್ಜೆಯಾಗಿ ಆರಿಸಿದ ಸರಕನ್ನು ಮಾರಿದರೆ, ಪರೀಕ್ಷೆಯ ಖರ್ಚು ಒಂದೇ ಸಲ ಬೀಳುತ್ತದೆ, ಗಿರಾಕಿಗಳ ಮೆಚ್ಚಿಕೆಯೆಲ್ಲ ಒಂದೇ ಪುಟದಲ್ಲಿ ಕೂಡುತ್ತದೆ, ಊರಿನವರ ಸವಾಲಿಗೆ ಊರಿನವರೇ ಎದುರಾಳಿಗಳಾಗುವುದು ತಪ್ಪುತ್ತದೆ. ಇಂತಹ ೧೦,೦೦೦ ಸಂಸ್ಥೆಗಳನ್ನು ಏರ್ಪಡಿಸುವ ಯೋಜನೆಯನ್ನು ಕೇಂದ್ರ ಸರ್ಕಾರವು ೨೦೨೦ರಲ್ಲಿ ಆರಂಭಿಸಿತು. ಹತ್ತಿರದಲ್ಲಿ ಈಗಾಗಲೇ ಸಂಸ್ಥೆಯಿದ್ದರೆ ಅದನ್ನು ಸೇರುವುದೂ, ಇಲ್ಲದಿದ್ದರೆ ಬೆಳೆಗಾರರನ್ನು ಒಂದುಗೂಡಿಸುವುದೂ ಮುಖಂಡರಿಂದ ಆಗತಕ್ಕ ಕೆಲಸ. ಸಂಸ್ಥೆಯ ಜಾಹೀರಾತಿನ ಜಮಾಖರ್ಚನ್ನು ತಿಂಗಳಿಗೊಮ್ಮೆ ಎಲ್ಲ ಸದಸ್ಯರ ಮುಂದೆ ಓದಿ ಹೇಳುವ ಪದ್ಧತಿಯನ್ನು ಮೊದಲ ದಿನದಿಂದಲೇ ಹಾಕಿಕೊಳ್ಳಬೇಕು.

ಸಾರಾಂಶ

(೧) ಸ್ವಂತ ಹೊಲದ ಸರಕಿಗೂ ಪೇಟೆಯ ಬೆಲೆಯನ್ನು ಕಟ್ಟಿ, ಪೊಟ್ಟಣವೊಂದರ ಉಳಿಕೆಯನ್ನು ಗೊತ್ತುಮಾಡಿಕೊಳ್ಳತಕ್ಕದ್ದು.

(೨) ಆ ಉಳಿಕೆಯನ್ನು ಒಂದು ಮಾರಾಟಕ್ಕೆ ಬೇಕಾಗುವ ಕ್ಲಿಕ್ಕುಗಳಿಂದ ಭಾಗಿಸಿದರೆ ಬರುವ ಮೊತ್ತವೇ ಕ್ಲಿಕ್ಕಿನ ಕೊನೆಯ ಗಡಿ. ಸವಾಲು ಅದಕ್ಕಿಂತ ಕೆಳಗಿರಬೇಕು.

(೩) ಅಲ್ಪ ಮೊತ್ತದಲ್ಲಿ ಪರೀಕ್ಷಿಸಿ, ಫಲ ಕೊಟ್ಟ ಮಾತುಗಳನ್ನು ಮಾತ್ರ ನೇರ ಹೊಂದಿಕೆಗೆ ಸಾಗಿಸಬೇಕು.

(೪) ಹುಡುಕಾಟದ ಪಟ್ಟಿಯನ್ನು ವಾರಕ್ಕೊಮ್ಮೆ ಓದಿ, ಸಂಬಂಧವಿಲ್ಲದ ಮಾತುಗಳನ್ನು ನಿಷೇಧಿಸಬೇಕು.

(೫) ಸಂಬಂಧವುಳ್ಳ ಮಾತಿಗೆ ಸಾಕಷ್ಟು ಕ್ಲಿಕ್ಕುಗಳಾಗುವ ವರೆಗೆ ತೀರ್ಮಾನವನ್ನು ತಡೆಯಬೇಕು.

(೬) ಮಾರಾಟದ ಮೊತ್ತವನ್ನು ನೋಡದೆ, ಜಾಹೀರಾತು ಕಳೆದ ಮೇಲಿನ ಲಾಭವನ್ನು ನೋಡಬೇಕು.

(೭) ಖಾತೆಯನ್ನು ಸ್ವಂತ ಹೆಸರಿನಲ್ಲಿಯೇ ಇಟ್ಟುಕೊಂಡು, ಸಾಧ್ಯವಾದಲ್ಲಿ ಊರಿನವರೆಲ್ಲ ಕೂಡಿ ಮಾರಬೇಕು.

ಈ ವರ್ಷ ಹೊಸದಾಗಿ ಆರಂಭಿಸುವವರು ಫಸಲಿನ ದೊಡ್ಡ ಭಾಗವನ್ನು ಎಂದಿನಂತೆ ಪೇಟೆಗೆ ಒಯ್ದು, ಒಂದೆರಡು ಚೀಲವನ್ನು ಮಾತ್ರ ಈ ಪರೀಕ್ಷೆಗೆ ಇಟ್ಟುಕೊಳ್ಳುವುದು ಕ್ಷೇಮಕರ. ಮೂರು ತಿಂಗಳ ಲೆಕ್ಕವನ್ನು ಬರೆದಿಟ್ಟುಕೊಂಡಲ್ಲಿ, ಮುಂದಿನ ಸುಗ್ಗಿಯಲ್ಲಿ ಎಷ್ಟು ಚೀಲವನ್ನು ಪೊಟ್ಟಣ ಕಟ್ಟಬಹುದು, ಎಷ್ಟನ್ನು ಪೇಟೆಗೆ ಕಳುಹಿಸಬೇಕು ಎಂಬುದನ್ನು ಆ ಪುಸ್ತಕವೇ ತಿಳಿಸುತ್ತದೆ.